ತಗಡು ಬಾಗಿಸುವ ಯಂತ್ರದ ಮುಂದೆ

ಮನುಷ್ಯನ ನಿತ್ಯಜೀವನದಲ್ಲಿ ತಗಡಿನ ಉಪಯೋಗವಿಲ್ಲದ ಸ್ಥಳವನ್ನು ಹುಡುಕುವುದು ಕಷ್ಟ. ಮನೆಯ ಮೂಲೆಯಲ್ಲಿರುವ ಟ್ರಂಕು, ಬಟ್ಟೆಯಿಡುವ ಬೀರು, ಅಕ್ಕಿಯ ಡಬ್ಬ, ಗೋಡೆಯ ಮೇಲಿನ ವಿದ್ಯುತ್ ಮೀಟರಿನ ಪೆಟ್ಟಿಗೆ, ರಸ್ತೆಯಲ್ಲಿ ಓಡುವ ಬಸ್ಸಿನ ಮೈ, ಸೂರಿನ ಅಂಚಿನಲ್ಲಿ ಮಳೆಯ ನೀರನ್ನು ಸಾಗಿಸುವ ದೋಣಿ ಇವೆಲ್ಲವೂ ತಗಡಿನಿಂದ ಆದವು. ಕಾರ್ಖಾನೆಯಿಂದ ಹೊರಬರುವಾಗ ತಗಡು ಕೇವಲ ಒಂದು ಚಪ್ಪಟೆಯಾದ ಹಾಳೆ. ಅದನ್ನು ಕತ್ತರಿಸಿ, ಬಾಗಿಸಿ, ಜೋಡಿಸಿದಾಗ ಅದು ಉಪಯುಕ್ತವಾದ ವಸ್ತುವಾಗುತ್ತದೆ. ಈ ಮೂರು ಕ್ರಿಯೆಗಳಲ್ಲಿ ಬಾಗಿಸುವ ಕ್ರಿಯೆಗೆ ವಿಶೇಷವಾದ ಮಹತ್ವವಿದೆ. ಬಾಗಿಸುವುದರಿಂದ ತಗಡಿಗೆ ಆಕಾರ ಬರುವುದು ಮಾತ್ರವಲ್ಲ, ಬಲವೂ ಬರುತ್ತದೆ. ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟ ಕಾಗದದ ಹಾಳೆ ತನ್ನ ಭಾರದಿಂದಲೇ ಕುಗ್ಗುತ್ತದೆ. ಅದೇ ಹಾಳೆಯನ್ನು ಉದ್ದಕ್ಕೂ ಮಡಿಕೆ ಮಡಿಕೆಯಾಗಿ ಮಡಿಸಿಟ್ಟರೆ ಅದು ಒಂದು ಸಣ್ಣ ಪುಸ್ತಕವನ್ನೇ ಹೊರಬಲ್ಲುದು. ಅಲೆಯಲೆಯಾದ ಚಾವಣಿಯ ತಗಡು ಗಾಳಿಮಳೆಗಳನ್ನು ತಡೆದು ನಿಲ್ಲುವುದು ಇದೇ ತತ್ತ್ವದಿಂದ.

ಹಿಂದಿನ ಕಾಲದಲ್ಲಿ ತಗಡನ್ನು ಬಾಗಿಸುವ ಕೆಲಸವೆಲ್ಲ ಕೈಯಿಂದಲೇ ನಡೆಯುತ್ತಿತ್ತು. ತಗಡಿನ ಕೆಲಸಗಾರನು ಕಬ್ಬಿಣದ ಗೂಟದ ಅಂಚಿಗೆ ತಗಡನ್ನು ಹಿಡಿದು, ಮರದ ಕೊಡತಿಯಿಂದ ಮೆಲ್ಲಗೆ ಬಡಿದು, ಬೇಕಾದ ಕೋನಕ್ಕೆ ತರುತ್ತಿದ್ದನು. ಸಣ್ಣ ಊರುಗಳ ಅಂಗಡಿಗಳಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ. ಈ ಕೆಲಸದಲ್ಲಿಯೂ ಗಾಯಗಳಾಗುವುದುಂಟು. ಆದರೆ ಕೊಡತಿಯನ್ನು ಬೀಸುವ ಬಲ ಕೆಲಸಗಾರನದೇ ಆದುದರಿಂದ ಏಟಿನ ತೀವ್ರತೆಯೂ ಅವನ ತೋಳಿನ ಶಕ್ತಿಯನ್ನು ಮೀರುವುದಿಲ್ಲ. ತಪ್ಪಿ ಬಿದ್ದ ಏಟು ಬೆರಳನ್ನು ಜಜ್ಜಬಹುದು. ಕೈಯನ್ನೇ ಕಳೆಯುವುದು ಅಪರೂಪ. ಯಂತ್ರವು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಬಲವು ಯಂತ್ರದ್ದಾಯಿತು, ಬೆರಳು ಮಾತ್ರ ಮನುಷ್ಯನದಾಗಿಯೇ ಉಳಿಯಿತು.

ದೊಡ್ಡ ಯಂತ್ರಾಗಾರಗಳಲ್ಲಿ ತಗಡನ್ನು ಬಾಗಿಸಲು ಬಳಸುವ ಮುಖ್ಯ ಯಂತ್ರಕ್ಕೆ ಪ್ರೆಸ್ ಬ್ರೇಕ್ ಎಂದು ಹೆಸರು. ಕೆಲಸಗಾರರು ಇದನ್ನು ಬೆಂಡಿಂಗ್ ಯಂತ್ರವೆಂದೇ ಕರೆಯುತ್ತಾರೆ. ಬೆಂಗಳೂರಿನ ಪೀಣ್ಯದಲ್ಲಿಯೂ ಹುಬ್ಬಳ್ಳಿ, ಬೆಳಗಾವಿ ಮೊದಲಾದ ನಗರಗಳ ಕೈಗಾರಿಕಾ ಪ್ರದೇಶಗಳಲ್ಲಿಯೂ ಇಂತಹ ಯಂತ್ರಗಳನ್ನು ಕಾಣಬಹುದು. ಅದರ ರಚನೆ ತಿಳಿಯಲು ಕಷ್ಟವಾದುದಲ್ಲ. ಕೆಳಗೆ ಅಲುಗಾಡದ ಒಂದು ಉದ್ದವಾದ ಪೀಠವಿರುತ್ತದೆ. ಅದರ ಮೇಲೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ತೋಡಿದ ಉಕ್ಕಿನ ಅಚ್ಚನ್ನು ಕೂರಿಸಿರುತ್ತಾರೆ. ಇದೇ ಡೈ. ಮೇಲುಗಡೆ ಏರಿಳಿಯುವ ದಪ್ಪನಾದ ಉಕ್ಕಿನ ತೊಲೆಯೊಂದಿರುತ್ತದೆ. ಅದಕ್ಕೆ ರ‍್ಯಾಮ್ ಎಂದು ಹೆಸರು. ರ‍್ಯಾಮಿನ ಕೆಳಅಂಚಿಗೆ ಪಂಚ್ ಎಂಬ ಚೂಪು ಮೂತಿಯ ಉಪಕರಣವನ್ನು ಬಿಗಿದಿರುತ್ತಾರೆ. ತಗಡನ್ನು ಡೈಯ ಮೇಲೆ ಇಟ್ಟು, ಹಿಂಬದಿಯಲ್ಲಿರುವ ಬ್ಯಾಕ್ ಗೇಜ್ ಎಂಬ ತಡೆಗೆ ತಾಗಿಸಿದರೆ ಮಡಿಕೆ ಬೀಳಬೇಕಾದ ಸ್ಥಳ ಗೊತ್ತಾಗುತ್ತದೆ. ಕೆಲಸಗಾರನು ಕಾಲಿನಿಂದ ಪೆಡಲನ್ನು ಒತ್ತಿದೊಡನೆ ರ‍್ಯಾಮ್ ಕೆಳಗಿಳಿದು, ಪಂಚ್ ತಗಡನ್ನು ಡೈಯ ತೋಡಿನೊಳಕ್ಕೆ ಒತ್ತುತ್ತದೆ. ತಗಡು ಬಾಗುತ್ತದೆ.

ಬಾಗುವಾಗ ತಗಡಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಎಲ್ಲ ಲೋಹಗಳಿಗೂ ಸ್ವಲ್ಪಮಟ್ಟಿನ ಸ್ಥಿತಿಸ್ಥಾಪಕ ಗುಣವಿರುವುದರಿಂದ, ಒತ್ತಡ ತೆಗೆದೊಡನೆ ತಗಡು ತನ್ನ ಮೊದಲಿನ ರೂಪದ ಕಡೆಗೆ ಸ್ವಲ್ಪ ಹಿಂದಿರುಗುತ್ತದೆ. ಆದುದರಿಂದ 90 ಡಿಗ್ರಿ ಕೋನ ಬೇಕಾದಾಗ ಅದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಾಗಿಯೇ ಬಾಗಿಸಬೇಕಾಗುತ್ತದೆ. ಈ ಹೆಚ್ಚಳವು ಲೋಹದ ಜಾತಿಯನ್ನೂ ದಪ್ಪವನ್ನೂ ಅವಲಂಬಿಸಿರುತ್ತದೆ. ಕೋನ ಸರಿಯಾಗಿದೆಯೇ ಎಂದು ಕೆಲಸಗಾರನು ಮತ್ತೆ ಮತ್ತೆ ಪರೀಕ್ಷಿಸುವುದು ಇದರಿಂದಲೇ. ಹೀಗೆ ಪರೀಕ್ಷಿಸುವ ಆತುರದಲ್ಲಿ ಕೈ ಪಂಚ್ ಮತ್ತು ಡೈಗಳ ನಡುವೆ ಹೋಗುವುದೂ ಉಂಟು.

ಈ ಯಂತ್ರದ ಬಲವೆಷ್ಟು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಾಮಾನ್ಯವಾಗಿ ಡೈಯ ತೋಡಿನ ಅಗಲವು ತಗಡಿನ ದಪ್ಪದ 8ರಷ್ಟಿರಬೇಕೆಂಬುದು ರೂಢಿ. 2 ಮಿಲಿಮೀಟರ್ ದಪ್ಪದ ಮೃದು ಉಕ್ಕಿನ ತಗಡಿಗೆ 16 ಮಿಲಿಮೀಟರ್ ಅಗಲದ ತೋಡು ಬೇಕು. ಇಂತಹ ತಗಡಿನ 1 ಮೀಟರ್ ಉದ್ದವನ್ನು ಬಾಗಿಸಲು ಸುಮಾರು 17 ಟನ್ ಬಲ ಬೇಕಾಗುತ್ತದೆ. ಸರಕು ತುಂಬಿದ ಒಂದು ಲಾರಿಯ ತೂಕವನ್ನು ಇದಕ್ಕೆ ಹೋಲಿಸಬಹುದು. ಅದೇ ತೋಡಿನಲ್ಲಿ ಎರಡರಷ್ಟು ದಪ್ಪದ ತಗಡನ್ನು ಬಾಗಿಸಹೊರಟರೆ ಬೇಕಾಗುವ ಬಲ ಎರಡರಷ್ಟಲ್ಲ, ನಾಲ್ಕರಷ್ಟು. ಈ ಲೆಕ್ಕವನ್ನು ಅರಿಯದೆ ಕೆಲಸ ಮಾಡಿದರೆ ಉಪಕರಣವು ಒಡೆದು ಅದರ ಚೂರುಗಳು ಸಿಡಿಯುವ ಸಂಭವವಿದೆ. ಪ್ರತಿಯೊಂದು ಯಂತ್ರದ ಮೇಲೂ ಡೈಯ ಮೇಲೂ ಅದು ತಾಳಬಲ್ಲ ಗರಿಷ್ಠ ಭಾರವನ್ನು ನಮೂದಿಸುವುದು ಈ ಕಾರಣದಿಂದ.

ಯಂತ್ರದ ಮುಂದೆ ಅಪಾಯವು ಒಂದೇ ಸ್ಥಳದಲ್ಲಿ ಇರುವುದಿಲ್ಲ. ಪಂಚ್ ಮತ್ತು ಡೈಗಳ ನಡುವಿನ ಜಾಗ ಮೊದಲನೆಯದು. ಇದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ಹಿಂಬದಿಯ ಬ್ಯಾಕ್ ಗೇಜ್. ಹೊಸ ಯಂತ್ರಗಳಲ್ಲಿ ಇದು ತಾನಾಗಿಯೇ ಹಿಂದಕ್ಕೂ ಮುಂದಕ್ಕೂ ಸರಿಯುವುದರಿಂದ, ಅಲ್ಲಿ ಬಿದ್ದ ತುಂಡನ್ನು ಹೆಕ್ಕಲು ಹೋದವನ ಕೈ ಸಿಕ್ಕಿಕೊಳ್ಳಬಹುದು. ಮೂರನೆಯದು ಸ್ವತಃ ತಗಡು. ಪಂಚ್ ಕೆಳಗಿಳಿದಂತೆ ತಗಡಿನ ಹೊರಅಂಚು ಮೇಲಕ್ಕೆ ಏಳುತ್ತದೆ. 16 ಮಿಲಿಮೀಟರ್ ಅಗಲದ ತೋಡಿನಲ್ಲಿ 90 ಡಿಗ್ರಿಗೆ ಬಾಗಿಸಲು ಪಂಚ್ ಇಳಿಯುವುದು ಸುಮಾರು 8 ಮಿಲಿಮೀಟರ್ ಮಾತ್ರ. ಆದರೆ ಮಡಿಕೆಯಿಂದ 60 ಸೆಂಟಿಮೀಟರ್ ದೂರದಲ್ಲಿರುವ ಅಂಚು ಅಷ್ಟರೊಳಗೆ ಸುಮಾರು 40 ಸೆಂಟಿಮೀಟರ್ ಮೇಲೇಳುತ್ತದೆ. ಪಂಚಿನ ಚಲನೆ ಅತಿ ನಿಧಾನವೆಂದು ಕಂಡರೂ ತಗಡಿನ ಅಂಚು ಅದಕ್ಕಿಂತ ಅನೇಕ ಪಟ್ಟು ವೇಗವಾಗಿ ಕೆಲಸಗಾರನ ಗದ್ದಕ್ಕೂ ಮುಖಕ್ಕೂ ಬರುತ್ತದೆ. ಬಗ್ಗಿ ನೋಡುತ್ತಿರುವವನಿಗೆ ಇದರಿಂದ ಬಲವಾದ ಪೆಟ್ಟಾಗಬಹುದು. ಮೇಲೆದ್ದ ತಗಡಿಗೂ ರ‍್ಯಾಮಿಗೂ ನಡುವೆ ಬೆರಳು ಸಿಕ್ಕಬಹುದು. ನಾಲ್ಕನೆಯದು ಕತ್ತರಿಸಿದ ತಗಡಿನ ಹರಿತವಾದ ಅಂಚು. ಚಾಕುವಿನ ಹರಿತಕ್ಕೆ ಅದು ಕಡಿಮೆಯಾದುದಲ್ಲ.

ಯಂತ್ರದ ಜಾತಿಯನ್ನು ಅನುಸರಿಸಿ ಅಪಾಯದ ಸ್ವರೂಪವೂ ಬದಲಾಗುತ್ತದೆ. ಹಳೆಯ ಮಾದರಿಯ ಯಂತ್ರಗಳಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವು ಸದಾ ತಿರುಗುತ್ತಿರುತ್ತದೆ. ಪೆಡಲನ್ನು ಒತ್ತಿದಾಗ ಕ್ಲಚ್ ಆ ಚಕ್ರವನ್ನು ರ‍್ಯಾಮಿಗೆ ಜೋಡಿಸುತ್ತದೆ. ಇಂತಹ ಹಲವು ಯಂತ್ರಗಳಲ್ಲಿ ಒಮ್ಮೆ ಜೋಡಣೆಯಾಯಿತೆಂದರೆ ಚಕ್ರದ ಒಂದು ಸುತ್ತು ಮುಗಿಯುವವರೆಗೆ ರ‍್ಯಾಮನ್ನು ತಡೆಯಲು ಸಾಧ್ಯವಿಲ್ಲ. ವಿದ್ಯುತ್ತನ್ನು ಆರಿಸಿದರೂ ಚಕ್ರದಲ್ಲಿ ಸಂಗ್ರಹವಾಗಿರುವ ಚಲನಶಕ್ತಿ ಕೆಲಕಾಲ ಉಳಿದಿರುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಯಂತ್ರಗಳನ್ನಾದರೋ ನಡುವೆಯೇ ನಿಲ್ಲಿಸಬಹುದು. ಅವುಗಳಲ್ಲಿ ರ‍್ಯಾಮ್ ಮೊದಲು ವೇಗವಾಗಿ ಇಳಿದು, ತಗಡಿನ ಸಮೀಪಕ್ಕೆ ಬಂದಾಗ ನಿಧಾನಗೊಳ್ಳುತ್ತದೆ. ಈಗಿನ ಹೊಸ ಯಂತ್ರಗಳು ಹೆಚ್ಚಾಗಿ ಗಣಕಯಂತ್ರದ ನಿಯಂತ್ರಣದಲ್ಲಿ ನಡೆಯುತ್ತವೆ. ಆದರೆ ಯಾವ ಯಂತ್ರಕ್ಕೂ ತನ್ನ ಹಲ್ಲುಗಳ ನಡುವೆ ಇರುವುದು ತಗಡೋ ಬೆರಳೋ ಎಂಬ ವಿವೇಕವಿಲ್ಲ. ಸುರಕ್ಷತೆಯ ವಿಚಾರವೆಲ್ಲ ಈ ಒಂದು ಮಾತಿನಿಂದ ಹುಟ್ಟುತ್ತದೆ.

ಎಚ್ಚರಿಕೆಯಿಂದ ಕೆಲಸ ಮಾಡಿದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಎಚ್ಚರಿಕೆ ಅಗತ್ಯ, ಆದರೆ ಎಚ್ಚರಿಕೆಯೊಂದೇ ಸಾಲದು. ಅಪಾಯವನ್ನು ಕಂಡು ಕೈಯನ್ನು ಹಿಂದಕ್ಕೆಳೆಯಲು ಆರಂಭಿಸುವುದಕ್ಕೆ ಮನುಷ್ಯನಿಗೆ ಕನಿಷ್ಠಪಕ್ಷ ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಸೆಕೆಂಡಿಗೆ 100 ಮಿಲಿಮೀಟರ್ ವೇಗದಲ್ಲಿ ಇಳಿಯುವ ರ‍್ಯಾಮ್ ಅಷ್ಟರಲ್ಲಿ 20 ಮಿಲಿಮೀಟರ್ ಇಳಿದಿರುತ್ತದೆ. ಬೆರಳಿನ ದಪ್ಪಕ್ಕಿಂತ ಇದು ಹೆಚ್ಚು. ಅಂದರೆ ಎಷ್ಟೇ ಚುರುಕಾದ ಕೆಲಸಗಾರನಾದರೂ ಕೊನೆಯ ಕ್ಷಣದಲ್ಲಿ ಯಂತ್ರದೊಡನೆ ಸ್ಪರ್ಧಿಸಿ ಗೆಲ್ಲಲಾರನು. ಇದಲ್ಲದೆ ಒಂದು ದಿನದ ಕೆಲಸದಲ್ಲಿ ಅವನು ಒಂದೇ ಬಗೆಯ ಮಡಿಕೆಯನ್ನು ನೂರಾರು ಬಾರಿ ಹಾಕಬೇಕಾಗುತ್ತದೆ. ಮೊದಲನೆಯ ಮಡಿಕೆಯಲ್ಲಿ ಇದ್ದ ಗಮನ ಐದುನೂರನೆಯ ಮಡಿಕೆಯಲ್ಲಿ ಇರುವುದಿಲ್ಲ. ಕೈಕಾಲುಗಳು ಅಭ್ಯಾಸಬಲದಿಂದ ತಾವೇ ಚಲಿಸತೊಡಗುತ್ತವೆ. ಮನಸ್ಸು ಬೇರೆಲ್ಲಿಯೋ ಇರುತ್ತದೆ. ಇದು ಸೋಮಾರಿತನವಲ್ಲ, ಮನುಷ್ಯನ ಸ್ವಭಾವ. ನುರಿತ ಕೆಲಸಗಾರನಿಗೂ ಅಪಘಾತವಾಗುವುದು ಇದರಿಂದಲೇ. ಮನುಷ್ಯನು ಒಮ್ಮೊಮ್ಮೆ ಮೈಮರೆಯುತ್ತಾನೆ ಎಂಬುದನ್ನು ಒಪ್ಪಿಕೊಂಡು, ಮೈಮರೆತ ಕ್ಷಣದಲ್ಲಿಯೂ ಅವನ ಕೈ ಉಳಿಯುವಂತೆ ಯಂತ್ರವನ್ನೂ ಕೆಲಸದ ಕ್ರಮವನ್ನೂ ರೂಪಿಸುವುದೇ ನಿಜವಾದ ಸುರಕ್ಷತೆ.

ಇದಕ್ಕಾಗಿ ಹಲವು ರಕ್ಷಣಾ ಸಾಧನಗಳನ್ನು ರೂಪಿಸಿದ್ದಾರೆ. ಅತ್ಯಂತ ಸರಳವಾದುದು ಎರಡು ಗುಂಡಿಗಳ ವ್ಯವಸ್ಥೆ. ಒಂದಕ್ಕೊಂದು ದೂರದಲ್ಲಿರುವ ಎರಡು ಗುಂಡಿಗಳನ್ನು ಎರಡು ಕೈಗಳಿಂದ ಏಕಕಾಲದಲ್ಲಿ ಒತ್ತಿಹಿಡಿದರೆ ಮಾತ್ರ ರ‍್ಯಾಮ್ ಇಳಿಯುತ್ತದೆ. ಕೈಗಳೆರಡೂ ಗುಂಡಿಗಳ ಮೇಲಿರುವಾಗ ಪಂಚಿನ ಕೆಳಗೆ ಹೋಗಲಾರವು. ಆದರೆ ತಗಡನ್ನು ಕೈಯಿಂದ ಹಿಡಿದುಕೊಳ್ಳಲೇಬೇಕಾದ ಕೆಲಸಗಳಿಗೆ ಇದು ಒಗ್ಗುವುದಿಲ್ಲ. ಅಲ್ಲಿ ಬೆಳಕಿನ ಪರದೆ ಸಹಾಯಕ್ಕೆ ಬರುತ್ತದೆ. ಯಂತ್ರದ ಮುಂಭಾಗದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಸಾಲಾಗಿ ಹಾಯುತ್ತಿರುತ್ತವೆ. ಕೈ ಅಡ್ಡ ಬಂದು ಒಂದು ಕಿರಣ ಕಡಿದರೂ ರ‍್ಯಾಮ್ ನಿಲ್ಲುತ್ತದೆ. ಈ ಪರದೆಯನ್ನು ಎಷ್ಟು ದೂರದಲ್ಲಿ ಇಡಬೇಕೆಂಬುದಕ್ಕೂ ಲೆಕ್ಕವಿದೆ. ಕೈಯು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಮುಂದೆ ಚಾಚಬಹುದೆಂದು ಇಟ್ಟುಕೊಳ್ಳುತ್ತಾರೆ. ಕಿರಣ ಕಡಿದ ಮೇಲೆ ರ‍್ಯಾಮ್ ಪೂರ್ತಿ ನಿಲ್ಲಲು 0.2 ಸೆಕೆಂಡು ಹಿಡಿದರೆ, ಅಷ್ಟರಲ್ಲಿ ಕೈ 0.4 ಮೀಟರ್ ಎಂದರೆ 40 ಸೆಂಟಿಮೀಟರ್ ಸಾಗಿರುತ್ತದೆ. ಪರದೆಯು ಅಪಾಯದ ಸ್ಥಳದಿಂದ ಅದಕ್ಕಿಂತ ಹೆಚ್ಚು ದೂರದಲ್ಲಿರಬೇಕು. ವೇಗ ಮತ್ತು ಕಾಲಗಳ ಗುಣಲಬ್ಧವೇ ದೂರವೆಂದು ಶಾಲೆಯಲ್ಲಿ ಕಲಿತ ಸೂತ್ರವು ಇಲ್ಲಿ ಒಬ್ಬನ ಬೆರಳುಗಳನ್ನು ಕಾಯುತ್ತದೆ. ಇತ್ತೀಚಿನ ಯಂತ್ರಗಳಲ್ಲಿ ರ‍್ಯಾಮಿನ ಜೊತೆಯಲ್ಲಿಯೇ ಇಳಿಯುವ ಲೇಸರ್ ಕಿರಣಗಳು ಪಂಚಿನ ತುದಿಯ ಕೆಳಭಾಗವನ್ನು ಕಾಯುತ್ತಿರುತ್ತವೆ. ಪೆಡಲಿಗೂ ರಕ್ಷಣೆ ಬೇಕು. ಮೇಲಿನಿಂದ ಏನಾದರೂ ಬಿದ್ದಾಗಲಿ, ಯಾರಾದರೂ ತಿಳಿಯದೆ ತುಳಿದಾಗಲಿ ಯಂತ್ರ ಚಲಿಸದಂತೆ ಪೆಡಲಿನ ಮೇಲೂ ಪಕ್ಕಗಳಲ್ಲಿಯೂ ಹೊದಿಕೆ ಇರಬೇಕು.

ಇಷ್ಟೆಲ್ಲ ಸಾಧನಗಳಿದ್ದರೂ ಅಪಘಾತಗಳು ನಿಂತಿಲ್ಲ. ಅನೇಕ ಕಡೆ ಈ ಸಾಧನಗಳನ್ನು ಬೇಕೆಂದೇ ನಿಷ್ಕ್ರಿಯಗೊಳಿಸುವುದು ಇದಕ್ಕೆ ಒಂದು ಕಾರಣ. ಎರಡು ಗುಂಡಿಗಳಲ್ಲಿ ಒಂದನ್ನು ಕಡ್ಡಿ ಸಿಕ್ಕಿಸಿ ಅಥವಾ ದಾರ ಬಿಗಿದು ಒತ್ತಿದ ಸ್ಥಿತಿಯಲ್ಲಿಯೇ ನಿಲ್ಲಿಸುತ್ತಾರೆ. ಬೆಳಕಿನ ಪರದೆಯ ಸಂಪರ್ಕವನ್ನು ಕಡಿಯುತ್ತಾರೆ. ತುಂಡಿಗೆ ಇಷ್ಟೆಂದು ಕೂಲಿ ದೊರೆಯುವಾಗ ಪ್ರತಿಯೊಂದು ತುಂಡಿನಲ್ಲಿ ಉಳಿಯುವ ಒಂದೆರಡು ಸೆಕೆಂಡುಗಳು ದಿನದ ಕೊನೆಗೆ ಕೆಲವು ರೂಪಾಯಿಗಳಾಗುತ್ತವೆ ಎಂಬ ಆಸೆ ಕೆಲಸಗಾರನಿಗೆ. ಮಾಲು ಬೇಗ ಹೋಗಬೇಕೆಂಬ ಆತುರ ಒಡೆಯನಿಗೆ. ಇಬ್ಬರ ಲೆಕ್ಕವೂ ತಪ್ಪು. ಕೈಯಲ್ಲಿ 27 ಮೂಳೆಗಳಿವೆ. ಅವುಗಳನ್ನು ಚಲಿಸುವ ಸ್ನಾಯುರಜ್ಜುಗಳು, ಸ್ಪರ್ಶವನ್ನು ತಿಳಿಸುವ ನರಗಳು, ಸೂಕ್ಷ್ಮವಾದ ರಕ್ತನಾಳಗಳು ಅವುಗಳ ನಡುವೆ ಹೆಣೆದುಕೊಂಡಿವೆ. ಹೆಬ್ಬೆರಳು ಹೋದರೆ ಹಿಡಿಯುವ ಶಕ್ತಿಯ ಬಹುಭಾಗವೇ ಹೋಗುತ್ತದೆ. ಆಮೇಲೆ ಅವನು ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ತುತ್ತು ಕಲಸುವುದನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ದುಡಿಮೆಯ ಹಿರಿಮೆಯನ್ನು ಹೇಳುತ್ತದೆ. ಕೈಯೇ ಇಲ್ಲದಾದರೆ ಕೆಸರೂ ಇಲ್ಲ, ಮೊಸರೂ ಇಲ್ಲ.

ಆದುದರಿಂದ ಉತ್ತಮ ಯಂತ್ರಾಗಾರಗಳಲ್ಲಿ ಕೆಲಸಕ್ಕೆ ಒಂದು ಕ್ರಮವಿರುತ್ತದೆ. ಬೆಳಿಗ್ಗೆ ಕೆಲಸ ಆರಂಭಿಸುವ ಮೊದಲು ಕೆಲಸಗಾರನು ರಕ್ಷಣಾ ಸಾಧನಗಳನ್ನೂ ಅಪಾಯಕಾಲದಲ್ಲಿ ಒತ್ತುವ ಕೆಂಪು ಗುಂಡಿಯನ್ನೂ ಪರೀಕ್ಷಿಸುತ್ತಾನೆ. ಅವು ಸರಿಯಿಲ್ಲದಿದ್ದರೆ ಯಂತ್ರವನ್ನು ನಡೆಸದೆ ಮೇಲ್ವಿಚಾರಕನಿಗೆ ತಿಳಿಸುತ್ತಾನೆ. ಯಂತ್ರದ ಸುತ್ತಲಿನ ನೆಲದಲ್ಲಿ ಎಣ್ಣೆಯಾಗಲಿ ತಗಡಿನ ಚೂರಾಗಲಿ ಇರದಂತೆ ನೋಡಿಕೊಳ್ಳುತ್ತಾನೆ. ಸಡಿಲವಾದ ಉಡುಪು, ಉಂಗುರ, ಕೈಬಳೆ, ಕೈಗಡಿಯಾರಗಳನ್ನು ತೆಗೆದಿಡುತ್ತಾನೆ. ಗಟ್ಟಿಯಾದ ಬೂಟುಗಳನ್ನೂ ಕಣ್ಣಿಗೆ ರಕ್ಷಕ ಕನ್ನಡಕವನ್ನೂ ಧರಿಸುತ್ತಾನೆ. ತಗಡನ್ನು ಎತ್ತುವಾಗ ಮತ್ತು ಸಾಗಿಸುವಾಗ ಕೈಗವಸು ಹಾಕಿಕೊಳ್ಳುತ್ತಾನೆ. ಕೈಗವಸು ಅಂಚಿನ ಹರಿತವನ್ನು ತಡೆಯುತ್ತದೆಯೇ ಹೊರತು ರ‍್ಯಾಮಿನ ಒತ್ತಡವನ್ನು ತಡೆಯಲಾರದು ಎಂಬುದನ್ನು ಅವನು ಬಲ್ಲನು.

ಕೆಲಸ ನಡೆಯುವಾಗ ತಗಡನ್ನು ಡೈಯಿಂದ ಸಾಧ್ಯವಾದಷ್ಟು ದೂರದಲ್ಲಿ, ಅಂಚಿನ ಕೆಳಭಾಗದಿಂದ ಹಿಡಿಯಬೇಕು. ಮೇಲೇಳುವ ಅಂಚಿನ ದಾರಿಯಲ್ಲಿ ಮುಖವಿರಬಾರದು. ಕೈಯಲ್ಲಿ ಹಿಡಿದಾಗ ಬೆರಳು ಪಂಚಿನ ಬಳಿ ಬರುವಷ್ಟು ಚಿಕ್ಕ ತುಂಡುಗಳನ್ನು ಇಕ್ಕಳದಿಂದ ಅಥವಾ ಅಯಸ್ಕಾಂತದ ಹಿಡಿಕೆಯಿಂದ ಹಿಡಿಯಬೇಕು. ಒಂದು ಮಡಿಕೆ ಮುಗಿದೊಡನೆ ಪಾದವನ್ನು ಪೆಡಲಿನಿಂದ ತೆಗೆಯಬೇಕು. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಮುಂದಿನ ತಗಡನ್ನು ಜೋಡಿಸುವುದು ಬಹಳ ಅಪಾಯಕರವಾದ ಅಭ್ಯಾಸ. ದೊಡ್ಡ ತಗಡನ್ನು ಇಬ್ಬರು ಹಿಡಿಯಬೇಕಾದಾಗ ಪೆಡಲನ್ನು ಒತ್ತುವವನು ಒಬ್ಬನೇ ಆಗಿರಬೇಕು. ಜೊತೆಗಾರನು ಸಿದ್ಧನೆಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಅವನು ಒತ್ತಬೇಕು. ಇಬ್ಬರಿಗೂ ಬೇರೆ ಬೇರೆ ಪೆಡಲುಗಳಿದ್ದು, ಎರಡನ್ನೂ ಒತ್ತಿದರೆ ಮಾತ್ರ ಯಂತ್ರ ಚಲಿಸುವಂತಿದ್ದರೆ ಇನ್ನೂ ಒಳ್ಳೆಯದು.

ಪಂಚ್ ಮತ್ತು ಡೈಗಳನ್ನು ಬದಲಾಯಿಸುವ ಹೊತ್ತು ವಿಶೇಷ ಜಾಗ್ರತೆಯನ್ನು ಬೇಡುತ್ತದೆ. ಆಗ ಕೈಗಳು ಅಪಾಯದ ಸ್ಥಳದಲ್ಲಿಯೇ ಇರಬೇಕಾಗುತ್ತದೆ. ಭಾರವಾದ ಉಪಕರಣ ಜಾರಿ ಕಾಲಿನ ಮೇಲೆ ಬೀಳಬಹುದು. ಈ ಹೊತ್ತಿನಲ್ಲಿ ಯಂತ್ರವು ಚಲಿಸಲಾಗದಂತೆ ಮಾಡಿ, ಅದರ ಬೀಗದ ಕೈಯನ್ನು ಕೆಲಸಗಾರನು ತನ್ನ ಬಳಿಯೇ ಇಟ್ಟುಕೊಳ್ಳಬೇಕು. ಯಂತ್ರದ ದುರಸ್ತಿಗೆ ತೊಡಗುವವನಾದರೋ ವಿದ್ಯುತ್ತನ್ನು ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ರ‍್ಯಾಮಿನ ಕೆಳಗೆ ಗಟ್ಟಿಯಾದ ಆಧಾರವನ್ನು ಕೊಡಬೇಕು. ಎಣ್ಣೆಯ ಒತ್ತಡ ಇಳಿದಾಗ ರ‍್ಯಾಮ್ ತನ್ನ ಭಾರದಿಂದಲೇ ಕೆಳಗೆ ಜಾರುವ ಸಂಭವವಿರುತ್ತದೆ.

ಇಷ್ಟಾಗಿಯೂ ಅಪಘಾತ ಸಂಭವಿಸಿದರೆ ಸುತ್ತಲಿರುವವರು ಧೃತಿಗೆಡದೆ ನಡೆದುಕೊಳ್ಳಬೇಕು. ಮೊದಲು ಯಂತ್ರವನ್ನು ನಿಲ್ಲಿಸಬೇಕು. ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಒತ್ತಿ ಹಿಡಿದು, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ ರಕ್ತಸ್ರಾವವನ್ನು ತಡೆಯಬೇಕು. ಬೆರಳು ತುಂಡಾಗಿದ್ದರೆ ಅದನ್ನು ಎಸೆಯಬಾರದು, ನೀರಿನಲ್ಲಿ ಮುಳುಗಿಸಲೂಬಾರದು. ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಡಬೇಕು. ಮಂಜುಗಡ್ಡೆ ನೇರವಾಗಿ ಬೆರಳಿಗೆ ತಗಲಬಾರದು. ಹೀಗೆ ಬೇಗನೆ ಆಸ್ಪತ್ರೆಗೆ ತಲಪಿಸಿದರೆ ಕೆಲವು ಸಂದರ್ಭಗಳಲ್ಲಿ ಶಸ್ತ್ರವೈದ್ಯರು ಬೆರಳನ್ನು ಮತ್ತೆ ಜೋಡಿಸಬಲ್ಲರು. ಕರ್ನಾಟಕದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸನ್ನು ಕರೆಸಬಹುದು.

ಕೆಲಸಗಾರನ ಕೈಯನ್ನು ಕಾಯುವ ಹೊಣೆ ಅವನೊಬ್ಬನದೇ ಅಲ್ಲ. ಈ ತಿಳಿವಳಿಕೆ ಸಮಾಜಕ್ಕೆ ಬರಲು ಬಹಳ ಕಾಲ ಹಿಡಿಯಿತು. ಯಂತ್ರಗಳಿಗೆ ತಡೆಬೇಲಿ ಇರಬೇಕೆಂದು ಇಂಗ್ಲೆಂಡಿನಲ್ಲಿ 1844ರ ಕಾನೂನು ವಿಧಿಸಿತು. ಸ್ವತಂತ್ರ ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯು ಯಂತ್ರದ ಅಪಾಯಕರವಾದ ಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದೂ, ಯಂತ್ರ ನಡೆಯುತ್ತಿರುವಾಗ ಆ ತಡೆ ಸ್ವಸ್ಥಾನದಲ್ಲಿಯೇ ಇರಬೇಕೆಂದೂ ತನ್ನ 21ನೆಯ ಪ್ರಕರಣದಲ್ಲಿ ಹೇಳಿತು. ಎಳೆಯ ವಯಸ್ಸಿನವರನ್ನು ಅಪಾಯಕರ ಯಂತ್ರದ ಮುಂದೆ ನಿಲ್ಲಿಸುವ ಮೊದಲು ಅದರ ಅಪಾಯಗಳನ್ನೂ ಮುಂಜಾಗ್ರತೆಗಳನ್ನೂ ಪೂರ್ಣವಾಗಿ ತಿಳಿಸಬೇಕೆಂದೂ, ತಕ್ಕ ತರಬೇತಿಯನ್ನಾಗಲಿ ಬಲ್ಲವರ ಮೇಲ್ವಿಚಾರಣೆಯನ್ನಾಗಲಿ ಒದಗಿಸಬೇಕೆಂದೂ 23ನೆಯ ಪ್ರಕರಣವು ವಿಧಿಸಿತು. ಆ ಕಾಯಿದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾನೂನಿನ ಹೆಸರು ಬದಲಾದರೂ ಅದರ ಹಿಂದಿರುವ ನ್ಯಾಯ ಒಂದೇ. ಯಂತ್ರದಿಂದ ಲಾಭ ಪಡೆಯುವವನು ಅದರ ಮುಂದೆ ನಿಲ್ಲುವವನನ್ನು ಕಾಯಬೇಕು.

ಹತ್ತನೆಯ ತರಗತಿಯನ್ನು ಮುಗಿಸಿ ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು ಸೇರುವ ವಿದ್ಯಾರ್ಥಿಗಳು ಅನೇಕರಿದ್ದಾರೆ. ಅವರಲ್ಲಿ ಕೆಲವರು ಮುಂದೊಂದು ದಿನ ಇಂತಹ ಯಂತ್ರದ ಮುಂದೆ ನಿಲ್ಲುತ್ತಾರೆ. ಮೊದಲ ದಿನ ಅವರಿಗೆ ಯಂತ್ರದ ಭಯವಿರುತ್ತದೆ. ಕೆಲವು ತಿಂಗಳುಗಳಲ್ಲಿ ಅದು ಹೋಗಿ ಸಲುಗೆ ಬೆಳೆಯುತ್ತದೆ. ಭಯ ಹೋಗುವುದು ಒಳ್ಳೆಯದೇ. ಆದರೆ ಅದರ ಜೊತೆಯಲ್ಲಿ ಕ್ರಮವೂ ಹೋಗಬಾರದು. ತಡೆಯನ್ನು ಕಳಚಿ ಬೇಗ ಕೆಲಸ ಮುಗಿಸುವವನನ್ನು ಜಾಣನೆಂದು ಹೊಗಳುವವರು ಎಲ್ಲ ಯಂತ್ರಾಗಾರಗಳಲ್ಲಿಯೂ ಇರುತ್ತಾರೆ. ಅವರ ನಡುವೆ ನಿಂತು, ತಡೆ ಸರಿಯಿಲ್ಲದ ಯಂತ್ರವನ್ನು ನಡೆಸುವುದಿಲ್ಲವೆಂದು ಹೇಳುವುದಕ್ಕೆ ಧೈರ್ಯ ಬೇಕು. ಆ ಧೈರ್ಯವೂ ಕಸುಬಿನ ಒಂದು ಅಂಗ. ನೇರವಾದ ಅಂಚು, ಸರಿಯಾದ ಕೋನ, ಸಂಜೆ ಮನೆಗೆ ಮರಳುವಾಗ ಹತ್ತೂ ಬೆರಳುಗಳು ಇವು ಮೂರೂ ಸೇರಿದಾಗಲೇ ಕೆಲಸ ಚೆನ್ನಾಗಿ ಆಯಿತೆಂದು ಹೇಳಬಹುದು.